ಕುದುರೆ ಓದುವ ಮೈಮಾತು

ಮಕ್ಕಳು ಮತ್ತು ಕುದುರೆಯ ಗೆಳೆತನವನ್ನು ಹೇಳುವ ಸಿನಿಮಾಗಳಲ್ಲಿ ಒಂದು ದೃಶ್ಯ ಹೆಚ್ಚುಕಡಿಮೆ ತಪ್ಪದೆ ಬರುತ್ತದೆ. ಹತ್ತಿರ ಹೋದವರನ್ನೆಲ್ಲ ಒದ್ದೋಡಿಸಿದ ಕುದುರೆಯೊಂದು ಲಾಯದ ಮೂಲೆಯಲ್ಲಿ ನಿಂತಿರುತ್ತದೆ. ದುಃಖದಲ್ಲಿರುವ ಮಗು ಒಳಗೆ ಬಂದು ಪಿಸುದನಿಯಲ್ಲಿ ತನ್ನ ಕಷ್ಟ ಹೇಳಿಕೊಂಡೊಡನೆ ಅದು ತಲೆ ತಗ್ಗಿಸಿ ಮಗುವಿನ ಭುಜಕ್ಕೆ ಮೂತಿ ಒರಗಿಸುತ್ತದೆ. ಇದನ್ನು ನೋಡಿ ಕಣ್ಣೊರೆಸಿಕೊಂಡ ನಮ್ಮ ಮೈಸೂರಿನ ಹಿರಿಯರು ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳಿಗೆ ಹೇಳುವುದು ಒಂದೇ ಮಾತು: ಮೂಕಪ್ರಾಣಿಗೆ ಮನುಷ್ಯರ ಮನಸ್ಸು ತಿಳಿಯುತ್ತದೆ, ದೇವರು ಅದಕ್ಕೆ ಬೇರೆಯೇ ಶಕ್ತಿ ಕೊಟ್ಟಿದ್ದಾನೆ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಕುದುರೆ ನಿಜವಾಗಿ ಮಾಡುವ ಕೆಲಸ ಈ ಕಲ್ಪನೆಗಿಂತ ಎಷ್ಟೋ ಸೋಜಿಗದ್ದು. ಅದನ್ನು ಮಕ್ಕಳಿಗೆ ಬಿಡಿಸಿ ಹೇಳುವುದೂ ಸಾಧ್ಯ.

ಕುದುರೆ ನಮ್ಮ ಮೈಯನ್ನು ಓದುತ್ತದೆ. ಇದು ತಿಳಿದುಬಂದ ಕಥೆ ಬರ್ಲಿನ್ ನಗರದ್ದು. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಶಿಕ್ಷಕರು ತಮ್ಮ ಹಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿರುವುದಾಗಿ ಮನಸಾರೆ ನಂಬಿದ್ದರು. ಪ್ರಶ್ನೆ ಕೇಳಿದರೆ ಹಾನ್ಸ್ ಉತ್ತರದ ಸಂಖ್ಯೆಯಷ್ಟು ಸಲ ಗೊರಸಿನಿಂದ ನೆಲ ತಟ್ಟಿ ನಿಲ್ಲಿಸುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ಸಮಿತಿಗೆ ಅಲ್ಲಿ ಯಾವ ಮೋಸವೂ ಕಾಣಲಿಲ್ಲ. ಬಳಿಕ ಆಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ, ಉತ್ತರ ಗೊತ್ತಿಲ್ಲದವರಿಂದಲೇ ಪ್ರಶ್ನೆ ಕೇಳಿಸಿದರು, ಕೇಳುವವರು ಕುದುರೆಗೆ ಕಾಣದಂತೆಯೂ ಮಾಡಿದರು. ಎರಡು ಸಂದರ್ಭದಲ್ಲಿಯೂ ಹಾನ್ಸ್ ಸೋತಿತು. ಪ್ರಶ್ನೆ ಕೇಳಿದವರು ಗೊರಸನ್ನು ನೋಡಲು ತಮಗರಿವಿಲ್ಲದೆಯೇ ತುಸು ಬಾಗುತ್ತಿದ್ದರು, ಸರಿಯಾದ ಸಂಖ್ಯೆ ಬಂದ ಕ್ಷಣ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಕಾಯುತ್ತಿದ್ದುದು ಆ ಚಲನೆಗಾಗಿ. ಗುಟ್ಟು ತಿಳಿದ ಮೇಲೂ ಆ ಚಲನೆಯನ್ನು ತಡೆಹಿಡಿಯುವುದು ಸ್ವತಃ ಫುಂಗ್‌ಸ್ಟ್ ಅವರಿಗೇ ಕಷ್ಟವಾಯಿತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಡುವ ಸದ್ದಿನಿಂದಲೇ ಅವರ ಸಿಟ್ಟು ಎಷ್ಟಿದೆಯೆಂದು ಮನೆಯವರು ಅಳೆಯುತ್ತಾರಲ್ಲ, ಹಾನ್ಸ್‌ನದೂ ಅಂಥದೇ ಅಳತೆ. ಆದರೆ ಅದು ಅಳೆಯುತ್ತಿದ್ದುದು ಅಪರಿಚಿತರನ್ನು, ಅವರು ಅಡಗಿಸಿಕೊಂಡಿದ್ದೇವೆಂದು ತಿಳಿದಿದ್ದುದನ್ನು. ಲೆಕ್ಕ ಬರದ ಕುದುರೆಯೆಂದು ಹಾನ್ಸ್‌ನನ್ನು ಹೀಗಳೆದವರು ಈ ಪ್ರತಿಭೆಯನ್ನು ಗಮನಿಸದೆ ಹೋದರು ಎನ್ನುವುದು ನನ್ನ ಅಭಿಪ್ರಾಯ.

ಹುಲ್ಲುಗಾವಲಿನಲ್ಲಿ ಬೇಟೆಗೆ ಸಿಗುವ ಪ್ರಾಣಿಯಾಗಿ ಬದುಕಿ ಬಂದುದರಿಂದ ಕುದುರೆಗೆ ಈ ಎಚ್ಚರ ಬಂದಿದೆ. ನೆಲದ ಮೇಲಿನ ಸಸ್ತನಿಗಳಲ್ಲಿ ಅತಿ ದೊಡ್ಡ ಕಣ್ಣುಳ್ಳವುಗಳಲ್ಲಿ ಅದೂ ಒಂದು. ಕಣ್ಣುಗಳು ತಲೆಯ ಎರಡು ಬದಿಯಲ್ಲಿರುವುದರಿಂದ, ಪಾಪೆಯೂ ಅಡ್ಡವಾಗಿ ಉದ್ದನಾಗಿರುವುದರಿಂದ, ಸುಮಾರು 350 ಡಿಗ್ರಿಯಷ್ಟು ಸುತ್ತಳತೆ ಅದಕ್ಕೆ ಕಾಣುತ್ತದೆ. ಹಣೆ ಮತ್ತು ಮೂತಿಯ ತೀರ ಮುಂದಿನ ಜಾಗ, ಬಾಲದ ನೇರ ಹಿಂದಿನ ಜಾಗ, ಇವೆರಡು ಮಾತ್ರ ಕಾಣುವುದಿಲ್ಲ. ಸಿನಿಮಾದ ಮಗು ಓಡಿ ಬಂದು ಅಪ್ಪಿಕೊಳ್ಳುವುದು ಮೊದಲನೆಯ ಜಾಗದಲ್ಲಿ, ತುಂಟ ಹುಡುಗರು ಬಾಲದ ಕೂದಲು ಕೀಳಲು ಹೋಗುವುದು ಎರಡನೆಯದರಲ್ಲಿ. ಎರಡೂ ಅಪಾಯಕರ.

ಮುಖಭಾವವನ್ನೂ ಕುದುರೆ ಗುರುತಿಸುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 28 ಕುದುರೆಗಳಿಗೆ ಅಪರಿಚಿತ ಮನುಷ್ಯರ ನಗುಮುಖದ ಮತ್ತು ಸಿಟ್ಟಿನ ಮುಖದ ಫೋಟೋಗಳನ್ನು ತೋರಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟ್ಟಿನ ಮುಖ ಕಂಡಾಗ ಕುದುರೆಗಳ ಎದೆಬಡಿತ ಹೆಚ್ಚು ಬೇಗ ಏರಿತು. ಅದನ್ನು ಅವು ಎಡಗಣ್ಣಿನಿಂದ ನೋಡಲು ತಲೆ ತಿರುಗಿಸುತ್ತಿದ್ದವು. ಎಡಗಣ್ಣಿನ ಬಹುಪಾಲು ನರತಂತುಗಳು ತಲುಪುವುದು ಮಿದುಳಿನ ಬಲ ಅರ್ಧಕ್ಕೆ, ಭಯ ಮತ್ತು ಅಪಾಯದ ಲೆಕ್ಕಾಚಾರದಲ್ಲಿ ಮುಂದಿರುವುದೂ ಆ ಅರ್ಧವೇ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸ್ವೀಡನ್ನಿನವರು 2009ರಲ್ಲಿ ಪ್ರಕಟಿಸಿದ ಕೊಡೆಯ ಪ್ರಯೋಗ. ಕುದುರೆಯನ್ನು ನಡೆಸಿಕೊಂಡೋ ಸವಾರಿ ಮಾಡುತ್ತಲೋ ಒಂದು ದಾರಿಯಲ್ಲಿ ಹಲವು ಸಲ ಸಾಗಿದ ಜನರಿಗೆ, ಕೊನೆಯ ಸಲ ನೀವು ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ ಎಂದು ಹೇಳಲಾಯಿತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಕುದುರೆ ಬೆದರೀತೆಂಬ ಆತಂಕದಿಂದ ಮನುಷ್ಯರ ಎದೆಬಡಿತ ಏರಿತು, ಜೊತೆಗಿದ್ದ ಕುದುರೆಯದೂ ಏರಿತು. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳೊಂದಿಗೆ ಅಶ್ವಾರೋಹಿ ಪೊಲೀಸರ ಕುದುರೆಗಳಿಗೂ ಫಿರಂಗಿಯ ಸದ್ದಿನ ತಾಲೀಮು ನಡೆಯುವುದನ್ನು ನೋಡಿದವರು ಈ ಪ್ರಯೋಗದ ಅರ್ಥವನ್ನು ಸುಲಭವಾಗಿ ಹಿಡಿಯಬಲ್ಲರು. ಸದ್ದು ಮತ್ತೆ ಮತ್ತೆ ಕೇಳಿಬಂದು, ಅದರ ಹಿಂದೆ ಯಾವ ಪೆಟ್ಟೂ ಬೀಳದಿದ್ದರೆ, ಬೆದರುವ ಪ್ರತಿಕ್ರಿಯೆ ಕ್ರಮೇಣ ಕುಗ್ಗುತ್ತದೆ. ಇದು ಕಲಿಕೆಯ ಅತ್ಯಂತ ಸರಳ ರೂಪ. ಆದರೆ ಜೀನಿನ ಮೇಲೆ ಕೂತ ಸವಾರನೇ ತೊಡೆ ಬಿಗಿಹಿಡಿದು ಲಗಾಮು ಜಗ್ಗಿದರೆ ಕಲಿಕೆ ಹಾಳಾಗುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದ ಕುದುರೆಗಳು ಮಷೀನ್‌ಗನ್ನಿನ ಗುಂಡುಗಳಿಗೆ ಎದುರಾಗಿ ನುಗ್ಗಿದ್ದವು. ಅದರ ಹಿಂದೆ ಇಂಥ ತಾಲೀಮೂ, ತೊಡೆಯ ಹಿಡಿತದಿಂದಲೇ ಧೈರ್ಯ ದಾಟಿಸಬಲ್ಲ ಸವಾರರೂ ಇದ್ದರು.

ಇಷ್ಟು ತಿಳಿದಿದ್ದರೂ ಕುದುರೆ, ಎತ್ತುಗಳ ಗುಣವನ್ನು ಸುಳಿ ನೋಡಿ ತೀರ್ಮಾನಿಸುವುದು ನಮ್ಮ ಮಂಡ್ಯ, ಮೈಸೂರು ಕಡೆ ನಿಂತಿಲ್ಲ. ಸುಳಿ ಎಂಬುದು ತಾಯಿಯ ಗರ್ಭದಲ್ಲಿಯೇ ರೋಮ ಬೆಳೆಯುವ ದಿಕ್ಕಿನಿಂದ ಮೂಡುವ ಗುರುತು. ಅದರಿಂದ ಕೊಂಡವರ ಮನೆ ಉದ್ಧಾರವಾಗುವುದೂ ಇಲ್ಲ, ಹಾಳಾಗುವುದೂ ಇಲ್ಲ. ಪ್ರಾಣಿಯ ಕಿವಿಯನ್ನು ನೋಡುವುದು ಇದಕ್ಕಿಂತ ಎಷ್ಟೋ ಮೇಲು. ಅರಮನೆಯ ಸುತ್ತ ಓಡುವ ಟಾಂಗಾ ಕುದುರೆಯನ್ನು ಗಮನಿಸಿ: ಕಣ್ಣಿನ ಪಟ್ಟಿಯಿಂದಾಗಿ ಹಿಂಬದಿ ಕಾಣದಿದ್ದರೂ, ಒಂದು ಕಿವಿ ರಸ್ತೆಯ ಕಡೆಗಿದ್ದರೆ ಇನ್ನೊಂದು ಹಿಂದೆ ಕೂತ ಟಾಂಗಾದವರ ನಾಲಗೆಯ ಲೊಚಗುಟ್ಟುವಿಕೆಗಾಗಿ ಹಿಂದಕ್ಕೆ ತಿರುಗಿರುತ್ತದೆ. ಎರಡೂ ಕಿವಿ ತಲೆಗೆ ಅಂಟಿಕೊಂಡಂತೆ ಹಿಂದಕ್ಕೆ ಮಡಿಸಿದ್ದರೆ ಅದು ಸಿಟ್ಟು. ಆಗ ದೂರ ನಿಲ್ಲಬೇಕು.

ಸಿನಿಮಾದ ಕುದುರೆಯೂ ಬಹಳ ಸಲ ನೋಡುತ್ತಿರುವುದು ಮಗುವನ್ನಲ್ಲ, ಕ್ಯಾಮೆರಾದ ಆಚೆ ಕೈಸನ್ನೆ ಮಾಡುವ ತರಬೇತುದಾರರನ್ನು. ಹಾಗೆಂದು ಗೆಳೆತನವೇ ಸುಳ್ಳಲ್ಲ. ಕುದುರೆಗಳು ಜೋಡಿಯಾಗಿ ನಿಂತು ಒಂದರ ಮೈಯನ್ನು ಇನ್ನೊಂದು ಹಲ್ಲಿನಿಂದ ಕೆರೆಯುತ್ತವೆ. ಕತ್ತು ಬೆನ್ನನ್ನು ಸೇರುವ ಉಬ್ಬಿನ ಬಳಿ ಮನುಷ್ಯರು ಕೈಯಿಂದ ಹಾಗೆಯೇ ಕೆರೆದರೂ ಕುದುರೆಯ ಎದೆಬಡಿತ ಇಳಿಯುತ್ತದೆಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೇರೆ ಕಡೆ ಕೆರೆದಾಗ ಇಳಿಯಲಿಲ್ಲ. ಆದ್ದರಿಂದ ಸಿನಿಮಾ ನೋಡಿ ಬಂದ ಮಗು ಟಾಂಗಾ ಕುದುರೆಯನ್ನು ಮುಟ್ಟಲೇಬೇಕೆಂದು ಹಟ ಹಿಡಿದರೆ, ಟಾಂಗಾದವರ ಒಪ್ಪಿಗೆ ಪಡೆದು, ದೊಡ್ಡವರೊಬ್ಬರು ಜೊತೆಗೆ ನಿಂತು, ಮಗುವನ್ನು ಪಕ್ಕದಿಂದ, ಭುಜದ ಕಡೆಗೆ, ಮೆಲ್ಲಗೆ ಮಾತಾಡಿಸುತ್ತ ಕರೆದೊಯ್ಯಿರಿ. ಮೂತಿಯನ್ನು ತಟ್ಟುವ ಬದಲು ಆ ಉಬ್ಬಿನ ಬಳಿ ಬೆರಳಿನಿಂದ ಕೆರೆಯಲು ಹೇಳಿ.