ವೀಗನ್ ಊಟದ ಪ್ರೋಟೀನ್: ಲೆಕ್ಕ ಎಲ್ಲಿ ತಪ್ಪುತ್ತದೆ?

ವೀಗನ್ ಊಟದ, ಅಂದರೆ ಹಾಲು, ಮೊಟ್ಟೆಯೂ ಇಲ್ಲದ ಬರೀ ಸಸ್ಯಗಳ ಊಟದ, ಪ್ರೋಟೀನ್ ಬಗ್ಗೆ ಒಂದು ಪಾಠ ಓದುವಾಗ ನಾನು ಎರಡು ಕಡೆ ಎಡವಿದೆ. ನೀವೂ ಅಲ್ಲೇ ಎಡವಬಾರದು ಅಂತ ಬರೆದಿಡುತ್ತಿದ್ದೇನೆ.

ಮೊದಲು, ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಅನ್ನುವುದು ಸಾಮಾನ್ಯ ಲೆಕ್ಕ. 60 ಕಿಲೋ ಇದ್ದರೆ 48 ಗ್ರಾಂ ಆಯಿತು. ಆದರೆ ಕಾಳು, ಧಾನ್ಯದ ಪ್ರೋಟೀನ್ ಹಾಲು, ಮೊಟ್ಟೆಯದರಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ. ಅದಕ್ಕೇ ನಾನು ಸ್ವಲ್ಪ ಜಾಸ್ತಿ, ಕಿಲೋಗೆ 1 ಗ್ರಾಂ ಹಿಡಿಯುತ್ತೇನೆ. 60 ಕಿಲೋಗೆ 60 ಗ್ರಾಂ, ಲೆಕ್ಕವೂ ಸುಲಭ ಅಲ್ವಾ?

ಮೊದಲ ಎಡವಟ್ಟು: ಕೋಷ್ಟಕದಲ್ಲಿ 100 ಗ್ರಾಂ ಬೇಳೆಗೆ ಸುಮಾರು 24 ಗ್ರಾಂ ಪ್ರೋಟೀನ್ ಅಂತ ನೋಡಿ, ಒಂದು ದೊಡ್ಡ ಬಟ್ಟಲು ಬೆಂದ ಬೇಳೆ ತಿಂದು, ಅರ್ಧ ದಿನದ ಕೆಲಸ ಮುಗಿಯಿತು ಅಂತ ಹಾಯಾಗಿದ್ದೆ. ಆ ಅಂಕಿ ಒಣ ಬೇಳೆಯದು! ಬೇಯುವಾಗ ಬೇಳೆ ನೀರು ಕುಡಿದು ಉಬ್ಬುತ್ತದೆ. ಪ್ರೋಟೀನ್ ಎಲ್ಲೂ ಹೋಗುವುದಿಲ್ಲ, ತೂಕ ಏರುತ್ತದೆ ಅಷ್ಟೇ. ಹಾಗಾಗಿ ಬೆಂದ ಬೇಳೆಯಲ್ಲಿ 100 ಗ್ರಾಂಗೆ ಸಿಗುವುದು ಸುಮಾರು 9 ಗ್ರಾಂ. ಬೆಂದ ಕಡಲೆಕಾಳೂ ಹೆಚ್ಚುಕಡಿಮೆ ಹೀಗೇ. ಶೇಂಗಾದಲ್ಲಿ 25 ಗ್ರಾಂ ಇದೆ ನಿಜ, ಆದರೆ ಆ 100 ಗ್ರಾಂ ಜೊತೆ 560ಕ್ಕೂ ಹೆಚ್ಚು ಕ್ಯಾಲರಿ ಬರುತ್ತದೆ.

ಎರಡನೆಯದು ಲೈಸಿನ್, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಒಂದು. ನನಗೆ ಇಡೀ ಪಾಠದ ಜೀವಾಳ ಇದೇ ಅನ್ನಿಸಿತು. ದೇಹ ತಾನೇ ತಯಾರಿಸಿಕೊಳ್ಳಲಾಗದ 9 ಅಮೈನೋ ಆಮ್ಲಗಳಲ್ಲಿ, ಸಸ್ಯಾಹಾರದಲ್ಲಿ ಸುಲಭವಾಗಿ ಕಡಿಮೆ ಬೀಳುವುದು ಇದು. ದಿನಕ್ಕೆ ಕಿಲೋಗೆ 30 ಮಿಲಿಗ್ರಾಂ ಬೇಕು, ಅಂದರೆ 60 ಕಿಲೋಗೆ 1800. ಗೋಧಿಯ 1 ಗ್ರಾಂ ಪ್ರೋಟೀನಿನಲ್ಲಿ ಲೈಸಿನ್ ಸುಮಾರು 27 ಮಿಲಿಗ್ರಾಂ, ಬೇಳೆಯದರಲ್ಲಿ ಸುಮಾರು 70. ಈಗ 60 ಗ್ರಾಂ ಪ್ರೋಟೀನನ್ನೂ ಬರೀ ಗೋಧಿಯಿಂದಲೇ ತೆಗೆದುಕೊಂಡರೆ 1620 ಮಿಲಿಗ್ರಾಂ. ಪ್ರೋಟೀನ್ ಭರ್ತಿ, ಲೈಸಿನ್ ಕೊರತೆ! ಅದೇ 20 ಗ್ರಾಂ ಬೇಳೆಯಿಂದ, 40 ಗ್ರಾಂ ಗೋಧಿಯಿಂದ ಬಂದರೆ 1400 ಕೂಡಿಸು 1080, ಒಟ್ಟು 2480. ಆ 20 ಗ್ರಾಂಗೆ ಬೇಕಾದ್ದು 220 ಗ್ರಾಂನಷ್ಟು ಬೆಂದ ಬೇಳೆ, ಅಷ್ಟೇ. ಬೇಳೆ ಬೇಡವಾದರೆ ಕಡಲೆಕಾಳು, ಬಟಾಣಿ, ತೋಫು, ಯಾವುದಾದರೂ ಆಗುತ್ತದೆ.

ಕಾಳಿನಲ್ಲಿ ಕಡಿಮೆ ಇರುವ ಇನ್ನೊಂದು ಅಮೈನೋ ಆಮ್ಲ ಮೆಥಿಯೊನಿನ್ ಧಾನ್ಯದಿಂದ ಸಿಗುತ್ತದೆ. ಆದರೆ ಎರಡನ್ನೂ ಒಂದೇ ಹೊತ್ತಿನ ಊಟದಲ್ಲಿ ಸೇರಿಸಲೇಬೇಕು ಅನ್ನುವುದು 1970ರ ದಶಕದಲ್ಲಿ ಹಬ್ಬಿದ ಮಾತು, ಈಗ ಪೋಷಣಾ ತಜ್ಞರು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ತಿಂದರೂ ದೇಹ ಹೊಂದಿಸಿಕೊಳ್ಳುತ್ತದೆ.

ಇನ್ನೊಂದು ಮಾತು. ತೂಕ ಇಳಿಸಲು ಊಟವನ್ನೇ ಕಡಿಮೆ ಮಾಡಿದವರು ಈ ಲೆಕ್ಕವನ್ನು ಹಾಗೇ ನಂಬಬೇಡಿ. ಕ್ಯಾಲರಿ ಸಾಲದೆ ಹೋದರೆ ದೇಹ ಪ್ರೋಟೀನನ್ನೂ ಸೌದೆಯ ಹಾಗೆ ಉರಿಸಿಬಿಡುತ್ತದೆ.