ಬೋಲ್ಟ್ ಮುರಿದು ಎಂಜಿನ್ ಹೆಡ್‌ನೊಳಗೇ ಉಳಿದರೆ?

ಪ್ರಶ್ನೆ: ಬೈಕಿನ ಸೈಲೆನ್ಸರ್ ಬಿಚ್ಚುವಾಗ ಬೋಲ್ಟ್ ಮುರಿದು ಅರ್ಧ ಒಳಗೇ ಉಳಿದಿದೆ. ಹೆಡ್ (ಎಂಜಿನ್ನಿನ ಮೇಲ್ಭಾಗ) ಹಾಳಾಗದಂತೆ ಅದನ್ನು ತೆಗೆಯುವುದು ಹೇಗೆ?

ಉತ್ತರ: ಮೊದಲು ಅವಸರ ಬಿಡಿ. ಮುರಿದ ಬೋಲ್ಟಿಗೆ ಹತ್ತಿಪ್ಪತ್ತು ರೂಪಾಯಿ ಅಷ್ಟೇ. ಅದರ ಸುತ್ತಲಿನ ಅಲ್ಯೂಮಿನಿಯಂ ಥ್ರೆಡ್ (ಬೋಲ್ಟ್ ಕೂರುವ ತಿರುಪು) ಉಳಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಬೋಲ್ಟ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಎರಡರ ನಡುವೆ ಮಳೆನೀರು ಸೇರಿದರೆ ಅಲ್ಯೂಮಿನಿಯಂ ಸವೆದು, ಬಿಳಿ ಪುಡಿಯಾಗಿ ಥ್ರೆಡ್ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಸೈಲೆನ್ಸರ್ ಬಿಸಿ ಬೇರೆ. ಹಾಗಾಗಿ ಬರೀ ಬಲ ಹಾಕಿದರೆ ಬೋಲ್ಟ್ ತಿರುಗುವುದಿಲ್ಲ, ಇನ್ನಷ್ಟು ಮುರಿಯುತ್ತದೆ.

ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ನಿಮ್ಮ ಅದೃಷ್ಟ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಮರುದಿನ ಅದನ್ನು ಚೆನ್ನಾಗಿ ಒರೆಸಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಬೋಲ್ಟ್ ಸುತ್ತ ಹೀಟ್ ಗನ್‌ನಿಂದ ಬಿಸಿ ಮಾಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಆಮೇಲೆ ವೈಸ್ ಗ್ರಿಪ್‌ನಲ್ಲಿ (ಲಾಕ್ ಆಗುವ ಇಕ್ಕಳ) ಬಿಗಿಯಾಗಿ ಹಿಡಿದು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಒಂದೇ ಸಲ ಪೂರ್ತಿ ತಿರುಗಿಸಲು ಹೋಗಬೇಡಿ.

ತುಂಡು ಹೆಡ್‌ಗೆ ಸಮವಾಗಿ ಮುರಿದಿದ್ದರೆ ನನಗೆ ಹೆಚ್ಚು ನಂಬಿಕೆ ಇರುವುದು ವೆಲ್ಡಿಂಗ್ ಮೇಲೆ. ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡ್ ಮಾಡಿ ಎರಡನ್ನೂ ಸೇರಿಸುತ್ತಾರೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಜೊತೆಗೆ ಆ ಬಿಸಿಯೇ ತುಕ್ಕನ್ನು ಬಿಡಿಸುತ್ತದೆ. ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಮೊದಲ ವೆಲ್ಡ್ ಕಿತ್ತು ಬಂದರೆ ಬೇಜಾರಾಗಬೇಡಿ, ಮತ್ತೊಮ್ಮೆ ಮಾಡಿಸಿ. ಆದರೆ ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರ್ ಬಿಡಿಸಿ. ಫ್ಯೂಯಲ್ ಇಂಜೆಕ್ಷನ್ ಬೈಕಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರ್ ಕೂಡ.

ಈಗ ಎಕ್ಸ್‌ಟ್ರಾಕ್ಟರ್ ವಿಷಯ. ತುಂಡಿಗೆ ತೂತು ಕೊರೆದು ಎಡಕ್ಕೆ ತಿರುಗಿಸುವ ಈ ಟೂಲ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ತುಕ್ಕು ಹಿಡಿದು ಕೂತ ಬೋಲ್ಟಿಗೆ ದಯವಿಟ್ಟು ಇದನ್ನು ಬಳಸಬೇಡಿ. ತುದಿ ಚೂಪಾಗಿರುವ ಎಕ್ಸ್‌ಟ್ರಾಕ್ಟರ್ ಒಳಗೆ ಇಳಿದಂತೆ ತುಂಡನ್ನು ಹೊರಕ್ಕೆ ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ. ಎಕ್ಸ್‌ಟ್ರಾಕ್ಟರ್ ಗಟ್ಟಿ ಉಕ್ಕಾದ್ದರಿಂದ ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಆಮೇಲೆ ಅದನ್ನು ಮಾಮೂಲಿ ಡ್ರಿಲ್ ಬಿಟ್ ಕೊರೆಯುವುದಿಲ್ಲ. ಹೆಡ್ ಬಿಚ್ಚಿಕೊಂಡು ಸ್ಪಾರ್ಕ್ ಇರೋಷನ್ ಮಷೀನ್ (ವಿದ್ಯುತ್ ಕಿಡಿಯಿಂದ ಲೋಹ ಕರಗಿಸಿ ತೆಗೆಯುವ ಯಂತ್ರ) ಇರುವ ಕಡೆ ಹೋಗಬೇಕಾಗುತ್ತದೆ. ಕೈಯಲ್ಲಾಗುತ್ತಿದ್ದ ಕೆಲಸ ಸುಮ್ನೆ ದೊಡ್ಡ ಖರ್ಚಾಗುತ್ತದೆ, ಅಲ್ವಾ?

ಕೊರೆಯಲೇಬೇಕಾದರೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ತನ್ನಿ. ಎಷ್ಟೋ ಸಲ ಕೊರೆಯುವಾಗಲೇ ತುಂಡು ಬಿಟ್ಟಿಗೆ ಹಿಡಿದುಕೊಂಡು ಹೊರಗೆ ಬರುತ್ತದೆ. ಫೈಲಿನಿಂದ ಮೇಲ್ಮೈ ಸಮ ಮಾಡಿ, ಸರಿಯಾಗಿ ನಡುವೆ ಸೆಂಟರ್ ಪಂಚ್ ಗುರುತು ಹಾಕಿ, ಸಣ್ಣ ಬಿಟ್‌ನಿಂದ ಶುರು ಮಾಡಿ. ಬಿಟ್ ಸ್ವಲ್ಪ ಓರೆಯಾದರೂ ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ತೂತು 6 ಎಂಎಂ ಬೋಲ್ಟಿಗೆ 5 ಎಂಎಂ, ಹಾಗೆಯೇ 8 ಎಂಎಂ ಬೋಲ್ಟಿಗೆ 6.8 ಎಂಎಂ ದಾಟಿದರೆ ಥ್ರೆಡ್ ಸವೆಯುತ್ತದೆ. ಕೈ ಡ್ರಿಲ್‌ನಲ್ಲಿ ನೇರ ಬರುವ ಧೈರ್ಯ ಇಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ಲೇತ್ ಅಂಗಡಿಗೆ ಕೊಡಿ.

ಥ್ರೆಡ್ ಹೋದರೂ ಹೆಡ್ ಬಿಸಾಡಬೇಕಿಲ್ಲ. ಹೆಲಿಕಾಯಿಲ್ (ತೂತಿನೊಳಗೆ ಕೂರಿಸುವ ಸ್ಟೀಲ್ ತಂತಿಯ ಸುರುಳಿ) ಹಾಕಿಸಿದರೆ ಸ್ಟೀಲ್ ಥ್ರೆಡ್ ಸಿಗುತ್ತದೆ. ಹೊಸ ಬೋಲ್ಟಿಗೆ ತಾಮ್ರದ ಆ್ಯಂಟಿ-ಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸ್ವಲ್ಪ ಸವರಿ, ಎಂಜಿನ್ ತಣ್ಣಗಿರುವಾಗ ಬಿಗಿ ಮಾಡಿ.