ಜಜ್ಜಿದ ಅಭ್ರಕದಲ್ಲಿ ಬಂಡೆಯ ವಯಸ್ಸು ಉಳಿದಿರುತ್ತದೆಯೇ?

ಪ್ರಶ್ನೆ: ನಮ್ಮ ಪಾಂಡವಪುರದ ಕಡೆಯ ಜಲ್ಲಿ ಕ್ರಷರ್‌ಗಳ ದೂಳಿನಲ್ಲಿ ಕಾಗೆಬಂಗಾರದ ಚೂರುಗಳು ಮಿನುಗುತ್ತಿರುತ್ತವೆ. ಅಭ್ರಕದೊಳಗಿನ ಆರ್ಗಾನ್ ಅನಿಲವನ್ನು ಅಳೆದು ವಯಸ್ಸು ಹೇಳುತ್ತಾರೆಂದು ಓದಿದ್ದೇನೆ. ಗಾಣಕ್ಕೆ ಕೊಟ್ಟ ಕಬ್ಬು ರಸ ಬಿಡುವಂತೆ ಜಜ್ಜಿದ ಅಭ್ರಕವೂ ಆರ್ಗಾನನ್ನು ಬಿಟ್ಟುಬಿಡುವುದಿಲ್ಲವೇ? ಭೂಮಿಯೊಳಗೇ ನಲುಗಿದ ಬಂಡೆಗಳ ಗತಿ ಏನು?

ಉತ್ತರ: ಕ್ರಷರ್‌ನ ಪೆಟ್ಟಿಗೆ ಅಭ್ರಕ ಕಳೆದುಕೊಳ್ಳುವ ಆರ್ಗಾನ್ ಅತ್ಯಲ್ಪ. ಭೂಮಿಯೊಳಗಿನ ನಲುಗಾಟದ ಸಂಗತಿ ಬೇರೆ. ಅಲ್ಲಿ ವಯಸ್ಸು ಕೆಡುವುದುಂಟು, ಆದರೆ ಹಿಂಡಿದ್ದರಿಂದ ಕೆಡುತ್ತದೆ ಎನ್ನುವಂತಿಲ್ಲ.

ಅಭ್ರಕದ ಪದರಗಳ ನಡುವೆ ಪೊಟ್ಯಾಸಿಯಂ ಪರಮಾಣುಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಲ್ಲಿ ಅತಿ ಸ್ವಲ್ಪ ಭಾಗವಾದ ಪೊಟ್ಯಾಸಿಯಂ-40, 125 ಕೋಟಿ ವರ್ಷಗಳ ಅರ್ಧಾಯುವಿನಲ್ಲಿ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ) ಕ್ಷಯಿಸುತ್ತದೆ. ಹಾಗೆ ಕ್ಷಯಿಸಿದ್ದರಲ್ಲಿ ಶೇ 11ರಷ್ಟು ಆರ್ಗಾನ್-40 ಆಗಿ, ಉಳಿದದ್ದು ಕ್ಯಾಲ್ಸಿಯಂ ಆಗಿ ಮಾರ್ಪಡುತ್ತದೆ. ಪೊಟ್ಯಾಸಿಯಂಗೆ ಹೋಲಿಸಿದರೆ ಆರ್ಗಾನ್ ಎಷ್ಟು ಕೂಡಿದೆ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಹುಟ್ಟಿದ ಆರ್ಗಾನ್ ಹರಳಿನ ಜಾಲರಿಯೊಳಗೆ ಪರಮಾಣು ಪರಮಾಣುವಾಗಿ ಸಿಕ್ಕಿಕೊಂಡಿರುತ್ತದೆಯೇ ಹೊರತು ಚೀಲದಲ್ಲಿ ತುಂಬಿಟ್ಟ ಅನಿಲದಂತೆ ಇರುವುದಿಲ್ಲ. ಆದ್ದರಿಂದ ಹರಳು ಎರಡಾಗಿ ಸೀಳಿದಾಗ, ಸೀಳಿದ ಮೈಗೆ ತೀರ ಹತ್ತಿರವಿದ್ದ ಪರಮಾಣುಗಳಿಗಷ್ಟೇ ಹೊರಹೋಗುವ ಅವಕಾಶ ಸಿಗುತ್ತದೆ. ಮಿಕ್ಕವು ಹೊರಬರಬೇಕಾದರೆ ಜಾಲರಿಯೊಳಗೆ ಒಂದೊಂದೇ ಹೆಜ್ಜೆ ಸರಿದು ಅಂಚನ್ನು ಮುಟ್ಟಬೇಕು, ಅದಕ್ಕೆ ಶಾಖ ಬೇಕು. ಕೋಣೆಯ ಉಷ್ಣತೆಯಲ್ಲಿ ಅವು ಕೋಟ್ಯಂತರ ವರ್ಷ ಕಳೆದರೂ ಕದಲುವುದಿಲ್ಲವೆಂದೇ ಹೇಳಬಹುದು.

ಬಯೊಟೈಟ್ ಎಂಬ ಕಪ್ಪು ಅಭ್ರಕ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ, ಮಸ್ಕೊವೈಟ್ ಎಂಬ ಬಿಳಿ ಅಭ್ರಕ ಸುಮಾರು 400 ಡಿಗ್ರಿಗಿಂತ ಕೆಳಕ್ಕೆ ತಣಿದ ಮೇಲೆ ಆರ್ಗಾನನ್ನು ಹಿಡಿದಿಡತೊಡಗುತ್ತವೆ. ಈ ಅಂಕಿಗಳು ಖನಿಜದ ಗುಣವೊಂದನ್ನೇ ಅವಲಂಬಿಸಿಲ್ಲ. ಹರಳಿನ ಗಾತ್ರಕ್ಕೂ ತಣಿಯುವ ವೇಗಕ್ಕೂ ತಕ್ಕಂತೆ ಏರಿಳಿಯುತ್ತವೆ. ವಿಸರಣೆಗೆ, ಎಂದರೆ ಪರಮಾಣುಗಳು ಹೀಗೆ ಸರಿದು ಹೊರಹೋಗುವುದಕ್ಕೆ, ಬೇಕಾದ ಕಾಲ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, 500 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತ್ರಿಜ್ಯದ ಹರಳು 50 ಮೈಕ್ರಾನಿನ ತುಂಡುಗಳಾಗಿ ಒಡೆದರೆ ಆರ್ಗಾನ್ ಹೊರಬೀಳಲು ಬೇಕಾದ ಕಾಲ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಸ್ಥೂಲ ಲೆಕ್ಕದಲ್ಲಿ, ಹಿಡಿದಿಡುವ ಉಷ್ಣತೆಯೇ ಸುಮಾರು 60 ಡಿಗ್ರಿ ಕೆಳಗೆ ಹೋಗುತ್ತದೆ.

ಭೂಮಿಯೊಳಗಿನ ನಲುಗಾಟ ಮುಖ್ಯವಾಗುವುದು ಇಲ್ಲಿಯೇ. ಬಂಡೆಗಳು ಒಂದರ ಮೇಲೊಂದು ಜಾರುವ ಶಿಯರ್ ವಲಯಗಳಲ್ಲಿ ಅಭ್ರಕದ ಹರಳುಗಳು ಬಾಗಿ, ಮಡಿಚಿ, ಮೀನಿನ ಆಕಾರಕ್ಕೆ ಎಳೆಯಲ್ಪಟ್ಟು, ಒಳಗೊಳಗೇ ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದಿರುತ್ತವೆ. ಹೊರನೋಟಕ್ಕೆ ಒಂದೇ ದೊಡ್ಡ ಹರಳು, ಆರ್ಗಾನಿನ ಪಾಲಿಗೆ ಹತ್ತಾರು ಸಣ್ಣ ಹರಳುಗಳು. ಇದು ನಡೆದಾಗ ಬಂಡೆ ಇನ್ನೂ ಸಾಕಷ್ಟು ಬಿಸಿಯಾಗಿದ್ದರೆ, ಆರ್ಗಾನ್ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ. ಲೇಸರ್ ಕಿರಣದಿಂದ ಹರಳಿನ ಬೇರೆ ಬೇರೆ ಜಾಗಗಳನ್ನು ಸುಟ್ಟು ಅಳೆದಾಗ ಮಡಿಕೆ ಬಿದ್ದ ಭಾಗಗಳಲ್ಲಿ ಕಿರಿಯ ವಯಸ್ಸು ಕಂಡುಬರುವುದುಂಟು. ತಣ್ಣಗಾದ ಮೇಲೆ ನಲುಗಿದ್ದರೆ ಹಳೆಯ ವಯಸ್ಸು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಇದಕ್ಕೆ ಸ್ತರಭಂಗದ (ಬಂಡೆ ಬಿರಿದು ಜಾರಿದ ಸೀಳಿನ) ನಡುವಿನ ಜೇಡಿಯೇ ಒಳ್ಳೆಯ ಸಾಕ್ಷಿ. ಅದರಲ್ಲಿ ಬಂಡೆ ಹಿಟ್ಟಾಗಿರುತ್ತದೆ, ಆದರೂ ಮೂಲ ಬಂಡೆಯಿಂದ ಬಂದ ದಪ್ಪ ಅಭ್ರಕದ ಕಣಗಳು ಸಾಮಾನ್ಯವಾಗಿ ಹೆಚ್ಚಿನ ವಯಸ್ಸನ್ನೂ, ಸ್ತರಭಂಗ ಚಲಿಸಿದಾಗ ಹೊಸದಾಗಿ ಬೆಳೆದ, ಅಭ್ರಕವನ್ನು ಹೋಲುವ ಜೇಡಿಖನಿಜವಾದ ಇಲೈಟ್‌ನ ಸೂಕ್ಷ್ಮ ಕಣಗಳು ಕಡಿಮೆ ವಯಸ್ಸನ್ನೂ ತೋರಿಸುತ್ತವೆ. ಪುಡಿಯಾದ ಮಾತ್ರಕ್ಕೆ ಗಡಿಯಾರ ಸೊನ್ನೆಗೆ ಮರಳುವುದಾಗಿದ್ದರೆ ಈ ವ್ಯತ್ಯಾಸ ಕಾಣಬಾರದಿತ್ತು.

ನಲುಗಿದ ಅಭ್ರಕ ಯಾವಾಗಲೂ ಕಿರಿಯ ವಯಸ್ಸನ್ನೇ ಕೊಡುತ್ತದೆ ಎಂದೂ ಭಾವಿಸಬಾರದು. ಶಿಯರ್ ವಲಯದಲ್ಲಿ ಹರಿಯುವ ದ್ರವಗಳು ಬೇರೆಡೆಯ ಆರ್ಗಾನನ್ನು ಹೊತ್ತು ತಂದು ಹರಳಿಗೆ ಸೇರಿಸಿದರೆ ವಯಸ್ಸು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮಾದರಿಯನ್ನು ಹಂತಹಂತವಾಗಿ ಕಾಯಿಸಿದಾಗ ಎಲ್ಲ ಹಂತಗಳೂ ಒಂದೇ ವಯಸ್ಸು ಹೇಳಿದರೆ ನಿಶ್ಚಿಂತೆಯಿಂದ ಒಪ್ಪಿಕೊಳ್ಳುವ ರೂಢಿಯಿದೆ. ಅಭ್ರಕದ ಮಟ್ಟಿಗೆ ನನಗೆ ಆ ನಿಶ್ಚಿಂತೆ ಇಲ್ಲ. ಏಕೆಂದರೆ ನಿರ್ವಾತದ ಕುಲುಮೆಯಲ್ಲಿ ಅಭ್ರಕ ತನ್ನೊಳಗಿನ ನೀರಿನಂಶವನ್ನು ಬಿಟ್ಟು ರಚನೆಯನ್ನೇ ಬದಲಿಸುವುದರಿಂದ ಅಂಚಿನ ಮತ್ತು ನಡುವಿನ ಆರ್ಗಾನ್ ಬೆರೆತುಹೋಗುತ್ತದೆ.

ಇನ್ನು ಪ್ರಯೋಗಾಲಯದ ಅರೆತ. ಮಿತವಾಗಿ ಒಡೆದು, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹಾಳೆಯನ್ನು ಆರಿಸಿದರೆ ತೊಂದರೆಯಿಲ್ಲ. ಗಂಟೆಗಟ್ಟಲೆ ಅರೆದರೆ ಮಾತ್ರ ಹರಳಿನ ರಚನೆಯೇ ಹಾಳಾಗಿ ಆರ್ಗಾನ್ ಸೋರುತ್ತದೆ. ಜೊತೆಗೆ ನುಣ್ಣನೆಯ ಪುಡಿಯ ಮೈಗೆ ಗಾಳಿಯ ಆರ್ಗಾನ್ ಅಂಟಿಕೊಳ್ಳುತ್ತದೆ; ಗಾಳಿಯಲ್ಲಿ ಅದು ಶೇ 0.93ರಷ್ಟಿದೆ. ಗಾಳಿಯ ಆರ್ಗಾನಿನಲ್ಲಿರುವ, ಆದರೆ ಪೊಟ್ಯಾಸಿಯಂ ಕ್ಷಯದಿಂದ ಹುಟ್ಟದ ಆರ್ಗಾನ್-36ನ್ನು ಅಳೆದು ಈ ಪಾಲನ್ನು ಕಳೆಯಬಹುದಾದರೂ ಅದು ಹೆಚ್ಚಿದಷ್ಟೂ ಉತ್ತರದ ಅನಿಶ್ಚಿತತೆ ಹೆಚ್ಚುತ್ತದೆ. ಮೂರನೆಯ ತೊಡಕು ರಿಯಾಕ್ಟರಿನದು. ಪೊಟ್ಯಾಸಿಯಂ ಪ್ರಮಾಣವನ್ನು ತಿಳಿಯಲು ಮಾದರಿಗೆ ನ್ಯೂಟ್ರಾನ್‌ಗಳನ್ನು ಹಾಯಿಸಿ ಪೊಟ್ಯಾಸಿಯಂ-39ನ್ನು ಆರ್ಗಾನ್-39 ಆಗಿ ಪರಿವರ್ತಿಸುತ್ತಾರೆ, ಆ ಹೊಡೆತಕ್ಕೆ ಹೊಸ ಪರಮಾಣು ಸುಮಾರು 0.1 ಮೈಕ್ರಾನ್ ದೂರ ಸಿಡಿಯುತ್ತದೆ. ದೊಡ್ಡ ಹಾಳೆಗೆ ಇದು ಲೆಕ್ಕಕ್ಕಿಲ್ಲ. ಒಂದು ಮೈಕ್ರಾನಿಗಿಂತ ಸಣ್ಣ ಕಣಗಳಲ್ಲಿ ಆರ್ಗಾನ್-39 ಕಳೆದುಹೋಗಿ, ಪೊಟ್ಯಾಸಿಯಂ ಇರುವುದಕ್ಕಿಂತ ಕಡಿಮೆಯೆಂದು ಕಂಡು ವಯಸ್ಸು ಹಿಗ್ಗುತ್ತದೆ, ಆದ್ದರಿಂದ ಅಂಥವನ್ನು ಗಾಜಿನ ಕೊಳವೆಯಲ್ಲಿ ಮೊಹರು ಮಾಡಿ ರಿಯಾಕ್ಟರಿಗೆ ಕಳಿಸುತ್ತಾರೆ.

ನಿಮ್ಮ ಕಡೆಯ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಗಳಲ್ಲಿ ಬಯೊಟೈಟ್ ಧಾರಾಳವಾಗಿದೆ. ಅದರಿಂದ ಬರುವ ಉತ್ತರ ಶಿಲೆ ಸುಮಾರು 300 ಡಿಗ್ರಿಗೆ ತಣಿದ ಕಾಲದ್ದು. ಶಿಲೆ ಹುಟ್ಟಿದ ಕಾಲ ಬೇಕಿದ್ದರೆ ಜಿರ್ಕಾನ್ ಎಂಬ ಖನಿಜದ ಹರಳಿನಲ್ಲಿ ಯುರೇನಿಯಂ ಕ್ಷಯಿಸಿ ಸೀಸವಾಗುವ ಲೆಕ್ಕವನ್ನೇ ನೋಡಬೇಕು. ಕ್ರಷರ್ ದೂಳನ್ನಂತೂ ಮಾದರಿಯಾಗಿ ತೆಗೆದುಕೊಳ್ಳಬೇಡಿ. ಆರ್ಗಾನ್ ಹೋಗಿರುತ್ತದೆಂಬ ಭಯದಿಂದಲ್ಲ. ಕ್ವಾರಿಯ ಯಾವ ಮೂಲೆಯ ಕಲ್ಲು, ನಲುಗಿದ್ದೋ ನಲುಗದ್ದೋ ಎಂಬುದು ದೂಳಿನಲ್ಲಿ ತಿಳಿಯುವುದಿಲ್ಲ ಎಂಬ ಕಾರಣಕ್ಕೆ.